ಕೂತು ಹುಲ್ಲು ಕೊಯ್ಯುವ ಆಸೆ

ಲಾನ್ ಇದ್ದ ಮೇಲೆ ಕತ್ತರಿಸಲೇಬೇಕು. ಕತ್ತರಿಸದೆ ಬಿಟ್ಟರೆ ಅದು ಹುಲ್ಲುಗಾವಲು, ಹುಲ್ಲುಗಾವಲೆಂದರೆ ಹಾವು, ಹಾವೆಂದರೆ ತುರ್ತು ಜನರಲ್ ಬಾಡಿ ಮೀಟಿಂಗು. ನಮ್ಮ ಅಪಾರ್ಟ್‌ಮೆಂಟಿನ ತರ್ಕ ಇದು. ಬೆಂಗಳೂರಿನ ಕೆ.ಆರ್. ಪುರದಿಂದಾಚೆ, ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಎದ್ದು ನಿಂತ ಟವರುಗಳ ನಡುವೆ ಒಂದೂಕಾಲು ಎಕರೆ ಹುಲ್ಲು ಹಾಸಿದ್ದಾರೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿದ್ದ ನಮ್ಮ ಕಮಿಟಿಯ ಹಿರಿಯರೊಬ್ಬರು, ಅಳಿಯ ಪುಟ್ಟ ಟ್ರ್ಯಾಕ್ಟರಿನಂಥ ಗಾಡಿಯ ಮೇಲೆ ಕೂತು ಸ್ಟೀರಿಂಗ್ ತಿರುಗಿಸುತ್ತ ಹುಲ್ಲು ಕೊಯ್ಯುವ ವಿಡಿಯೋವನ್ನು ಗ್ರೂಪಿಗೆ ಹಾಕಿದರು. ಅಳಿಯನ ಕೈಯಲ್ಲಿ ಕಾಫಿ ಲೋಟ ಬೇರೆ. ನಮಗೂ ಒಂದು ರೈಡ್-ಆನ್ ಮೂವರ್ ಬೇಕೆಂದು ಅಂದೇ ಸಂಜೆಗೆ ಅರ್ಧಕ್ಕರ್ಧ ತೀರ್ಮಾನವಾಗಿ, ಯಾವುದು ಕೊಳ್ಳಬೇಕೆಂದು ವಿಚಾರಿಸುವ ಹೊಣೆ ನನ್ನ ಹೆಗಲಿಗೆ ಬಿತ್ತು. ರಿಟೈರ್ ಆದವನು, ಬೇರೇನು ಕೆಲಸ.

ವಿಚಾರಿಸಲು ಹೊರಟರೆ ಇದೊಂದು ದೊಡ್ಡ ಲೋಕ. ಇಂಜಿನ್ ಬೆನ್ನ ಹಿಂದಿರುವ, 30 ಇಂಚಿನಷ್ಟು ಅಗಲಕ್ಕೆ ಕತ್ತರಿಸುವ ಸಣ್ಣ ರೈಡರ್ ಒಂದು ಬಗೆ. ಇಂಜಿನ್ ಮುಂದಿದ್ದು, ಹೊಟ್ಟೆಯಡಿ 42 ಇಂಚಿನ ಡೆಕ್, ಅಂದರೆ ಬ್ಲೇಡಿನ ಪೆಟ್ಟಿಗೆ, ತೂಗಿರುವ ಲಾನ್ ಟ್ರ್ಯಾಕ್ಟರ್ ಇನ್ನೊಂದು. ಸ್ಟೀರಿಂಗೇ ಇಲ್ಲದ ಜೀರೋ ಟರ್ನ್ ಮತ್ತೊಂದು: ಎರಡು ಕೈಗೆ ಎರಡು ಲಿವರು, ಹಿಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಹೈಡ್ರಾಲಿಕ್ ಡ್ರೈವ್. ಒಂದನ್ನು ಮುಂದಕ್ಕೆ, ಒಂದನ್ನು ಹಿಂದಕ್ಕೆ ತಳ್ಳಿದರೆ ಗಾಡಿ ನಿಂತ ಜಾಗದಲ್ಲೇ ಗಿರಕಿ ಹೊಡೆಯುತ್ತದೆ. ಜೊತೆಗೆ, ಒದ್ದೆ ನೆಲದಲ್ಲಿ ಹುಲ್ಲನ್ನೂ ಕಿತ್ತು ಹಾಕುತ್ತದೆ. ಗಾಲ್ಫ್ ಕೋರ್ಸಿನವರದು ಬೇರೆಯೇ ಜಾತಿ, ಸಿಲಿಂಡರ್ ಮೂವರ್. ಅದು ಕತ್ತರಿಯ ಹಾಗೆ ಎರಡು ಅಲಗಿನ ನಡುವೆ ಹಿಡಿದು ಕತ್ತರಿಸಿದರೆ, ಮಾಮೂಲು ರೋಟರಿ ಕುಡುಗೋಲಿನ ಹಾಗೆ ಬೀಸಿ ಹೊಡೆಯುತ್ತದೆ. ಸಿಲಿಂಡರಿನ ಕೆಲಸ ನುಣುಪು, ಆದರೆ ಒಂದು ಜಲ್ಲಿಕಲ್ಲು ಸಿಕ್ಕಿಕೊಂಡರೆ ಸಾಣೆಯ ಖರ್ಚು. ದೊಮ್ಮಲೂರಿನಾಚೆಯ ಗಾಲ್ಫ್ ಕೋರ್ಸಿಗೆ ಅದು ಸರಿ, ಅಲ್ಲಿ ಯಾರೂ ಹುಲ್ಲಿನ ಮೇಲೆ ಕೂತು ಕಡಲೆಕಾಯಿ ತಿನ್ನುವುದಿಲ್ಲ.

ಅಗಲದ ಲೆಕ್ಕ ಮಾತ್ರ ಬಾಯಲ್ಲಿ ನೀರೂರಿಸುವಂಥದ್ದು. 42 ಇಂಚಿನ ಡೆಕ್ಕು ಗಂಟೆಗೆ 5 ಕಿ.ಮೀ. ವೇಗದಲ್ಲಿ ನೇರ ಹೋದರೆ ನಮ್ಮ ಒಂದೂಕಾಲು ಎಕರೆ ಒಂದು ಗಂಟೆಯೊಳಗೆ ಮುಗಿಯಿತು. 21 ಇಂಚಿನ ತಳ್ಳುವ ಮೂವರ್ ಹಿಡಿದು ಗಂಟೆಗೆ 3 ಕಿ.ಮೀ.ನಂತೆ ನಡೆದರೆ ಮೂರು ಗಂಟೆ ದಾಟುತ್ತದೆ. ಈ ಲೆಕ್ಕವನ್ನು ಕಮಿಟಿಗೆ ಕಳಿಸಿದಾಗ ಮೆಚ್ಚುಗೆಯ ಹೆಬ್ಬೆರಳುಗಳು ಸಾಲುಗಟ್ಟಿದವು. ಲೆಕ್ಕದಲ್ಲಿ ತಪ್ಪಿಲ್ಲ. 'ನೇರ ಹೋದರೆ' ಎಂಬಲ್ಲಿ ಮಾತ್ರ ಒಂದು ಪೇಚಿದೆ.

ಮರುದಿನ ಬೆಳಿಗ್ಗೆ ಟೇಪು ಹಿಡಿದು ಮಾಲಿಯವರ ಜೊತೆ ಲಾನಿಗೆ ಇಳಿದೆ. ಹೊಸಕೋಟೆ ಕಡೆಯವರು, ಮನೆಯಲ್ಲಿ ಎರಡು ಸೀಮೆ ಹಸು ಕಟ್ಟಿಕೊಂಡಿದ್ದಾರೆ. ಬಾಲ್ಕನಿಯಿಂದ ಒಂದೇ ಹಸಿರಾಗಿ ಕಾಣುವುದು ಕೆಳಗಿಳಿದರೆ ಚೂರುಚೂರು. ಒಂದು ಕಡೆ ಗೋಡಂಬಿ ಆಕಾರದ ತುಂಡು, ಇನ್ನೊಂದು ಕಡೆ ಬಾಳೆಹಣ್ಣಿನ ಆಕಾರದ ತುಂಡು, ನಡುನಡುವೆ ವಾಕಿಂಗ್ ಪಾತು, ಕಲ್ಲು ಬೆಂಚು, ಲೈಟು ಕಂಬ, ಸ್ಪ್ರಿಂಕ್ಲರಿನ ಮೂತಿ, ಅಡಿಕೆ ಜಾತಿಯ ಪಾಮ್ ಸಾಲು, ಯಾರೂ ಆಡದ ದೊಡ್ಡ ಚದುರಂಗದ ಹಾಸು. ನಾಲ್ಕನೇ ಟವರಿನ ಹಿಂದೆ ಮಹಾಗನಿ ಮರಗಳ ಕೆಳಗೆ ಬಿಸಿಲೇ ಬೀಳದು. ಅಲ್ಲಿ ಹುಲ್ಲು ಬರುವುದಿಲ್ಲ, ಪ್ರತಿ ವರ್ಷ ಹೊಸದಾಗಿ ತಂದು ಹಾಸುತ್ತೇವೆ, ಪ್ರತಿ ವರ್ಷ ಅದು ಸಾಯುತ್ತದೆ. ಮಕ್ಕಳ ಆಟದ ಜಾಗಕ್ಕೆ ಹೋಗುವ ಗೇಟು ಅಳೆದರೆ ಸರಿಯಾಗಿ ಮೂರಡಿ, ಅಂದರೆ 36 ಇಂಚು. 42 ಇಂಚಿನ ಡೆಕ್ಕು ಅದರೊಳಗೆ ಹೋಗುವುದಾದರೂ ಹೇಗೆ?

"ಗೇಟ್ ಕಿತ್ತಾಕ್ಬೇಕಾಯ್ತದೆ ಸಾರ್," ಅಂದರು ಮಾಲಿ, ಬಹಳ ಗಂಭೀರವಾಗಿ.

ಲ್ಯಾಂಡ್‌ಸ್ಕೇಪಿನವರು ಅಂದಕ್ಕೆಂದು ಎಬ್ಬಿಸಿದ ದಿಬ್ಬಗಳ ಕಥೆ ಇನ್ನೊಂದು. ಕೂತು ಓಡಿಸುವ ಮೂವರುಗಳ ಕೈಪಿಡಿಗಳು 15 ಡಿಗ್ರಿಗಿಂತ ಕಡಿದಾದ ಇಳಿಜಾರಿನ ಸಹವಾಸ ಬೇಡವೆಂದು ಎಚ್ಚರಿಸುತ್ತವೆ, ಇಳಿಜಾರಿನಲ್ಲಿ ಅಡ್ಡಡ್ಡ ಓಡಿಸಬೇಡಿ, ಮೇಲೆ ಕೆಳಗೆ ಓಡಿಸಿ ಎನ್ನುತ್ತವೆ. ತಳ್ಳುವ ಮೂವರಿಗೆ ಇದರ ತದ್ವಿರುದ್ಧ: ಅಡ್ಡಡ್ಡ ಹೋಗಿ, ಇಲ್ಲದಿದ್ದರೆ ಕಾಲು ಜಾರಿ ಬ್ಲೇಡಿನಡಿ ಹೋದೀತು. ಇಷ್ಟಕ್ಕೂ ನಮ್ಮ ಲಾನಿನ ಅರ್ಧ ಭಾಗ ನೆಲವೇ ಅಲ್ಲ, ಕಾರುಗಳ ಚಾವಣಿ. ಹೊಲದ ಮಣ್ಣು ತೆಗೆದು ಲಾರಿಯಲ್ಲಿ ಸಾಗಿಸಿ, ಆ ಗುಂಡಿಯಲ್ಲಿ ಬೇಸ್‌ಮೆಂಟ್ ಪಾರ್ಕಿಂಗ್ ಕಟ್ಟಿ, ಅದರ ಮೇಲೆ ಮತ್ತೆ ಮಣ್ಣು ತಂದು ಸುರಿದು, ಹುಲ್ಲು ಹಾಸಿ, ಆ ಹುಲ್ಲನ್ನು ಕತ್ತರಿಸಲು ಕಾರಿನಂಥದ್ದೇ ಒಂದು ಗಾಡಿ ಹುಡುಕುತ್ತಿದ್ದೆವು. ಮಳೆಗಾಲದಲ್ಲಿ ಇನ್ನೂರು ಕಿಲೋ ದಾಟುವ ಗಾಡಿ ತೆಳುಮಣ್ಣಿನ ಮೇಲೆ ಓಡಾಡಿ ಚಕ್ರದ ಗುರುತು ಮೂಡಿದರೆ, ಕೆಳಗೆ ಸೋರುವ ಹನಿಗೂ ಅದೇ ಕಾರಣವೆಂದು ಮೊದಲ ಅಂತಸ್ತಿನವರು ಹೇಳದೆ ಬಿಡುತ್ತಾರೆಯೇ?

ಹಾಗಾದರೆ ಇಂಥ ಗಾಡಿ ಎಂಥ ಬಯಲಿಗೆ ಸರಿ? ಕೆ.ಆರ್. ಪುರದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಈ ಊರಿನ ಹುಲ್ಲಿನ ಚರಿತ್ರೆ ಹಿಂದುಮುಂದಾಗಿ ಕಿಟಕಿಯಲ್ಲಿ ಸಾಗುತ್ತದೆ. ಮೊದಲು ನಮ್ಮಂಥ ಟವರುಗಳು, ಆಮೇಲೆ ಇಂದಿರಾನಗರ. ಅಲ್ಲಿನ ಹಳೆಯ ಸೈಟುಗಳಲ್ಲಿ ಮನೆ ಮುಂದೆ ಜಮಖಾನದಷ್ಟು ಲಾನ್ ಇಟ್ಟುಕೊಂಡವರು ಒಬ್ಬಿಬ್ಬರು ಇನ್ನೂ ಉಳಿದಿದ್ದಾರೆ, ಮಿಕ್ಕವರ ಲಾನಿನ ಮೇಲೆ ಕೆಫೆಗಳ ಕುರ್ಚಿ ಬಿದ್ದಿವೆ. ಹಲಸೂರು, ಟ್ರಿನಿಟಿ ದಾಟಿ ಎಂ.ಜಿ. ರೋಡಿನಲ್ಲಿ ಇಳಿದರೆ ಪಕ್ಕದಲ್ಲೇ ಮಾಣೆಕ್ ಷಾ ಪೆರೇಡ್ ಮೈದಾನ. ದೊಡ್ಡ ಮೂವರ್ ಹುಟ್ಟಿದ್ದೇ ಇಂಥ ಬಯಲಿಗಾಗಿ. ನಡುವೆ ಮರವಿಲ್ಲ, ಬೆಂಚಿಲ್ಲ, ಗೋಡಂಬಿ ಆಕಾರವಿಲ್ಲ. ಗಣರಾಜ್ಯೋತ್ಸವದ ಕವಾಯತು ಸಾಗುವಷ್ಟು ನೇರಕ್ಕೆ ಹುಲ್ಲನ್ನೂ ಕತ್ತರಿಸಬಹುದು.

ಇನ್ನೂ ಹಿಂದಕ್ಕೆ ಹೋದರೆ, ಶ್ರೀರಂಗಪಟ್ಟಣದಿಂದ ಬ್ರಿಟಿಷ್ ದಂಡು ಹಲಸೂರಿನ ಕಡೆಗೆ ಬಂದು ನೆಲೆಯೂರಿದ್ದು 1809ರಲ್ಲಿ. ಲಾನ್ ಮೂವರ್ ಎಂಬುದು ಆಗಿನ್ನೂ ಲೋಕದಲ್ಲೇ ಇರಲಿಲ್ಲ. ಇಂಗ್ಲೆಂಡಿನ ಸ್ಟ್ರೌಡ್ ಎಂಬ ಊರಿನ ಎಡ್ವಿನ್ ಬಡ್ಡಿಂಗ್, ಉಣ್ಣೆ ಬಟ್ಟೆಯ ಮೇಲೆದ್ದ ಜುಂಗು ಸವರುವ ಗಿರಣಿ ಯಂತ್ರವನ್ನು ನೋಡಿ, ಇದೇ ಉಪಾಯ ಹುಲ್ಲಿಗೂ ಆದೀತೆಂದು ಪೇಟೆಂಟ್ ಪಡೆದದ್ದು 1830ರಲ್ಲಿ. ಅದಕ್ಕೂ ಮೊದಲು, ಆನಂತರವೂ ಬಹಳ ಕಾಲ, ದಂಡಿನಲ್ಲಿ ಹುಲ್ಲು ಕೊಯ್ಯುವುದೇ ಒಂದು ನೌಕರಿ. ಅಶ್ವದಳದ ಕುದುರೆಗೆ ಮೈ ತಿಕ್ಕಲು ಸಾಯಿಸ, ಮೇವು ತರಲು ಬೇರೆ ಆಳು. ಅವನು ಸಣ್ಣ ಗುದ್ದಲಿಯಲ್ಲಿ ಗರಿಕೆಯನ್ನು ಬೇರು ಸಮೇತ ಹೆರೆದು, ಮಣ್ಣು ಕೊಡವಿ, ಮೂಟೆ ಕಟ್ಟಿ ತರುತ್ತಿದ್ದ. 1896ರಲ್ಲಿ ಹುಸ್ಸಾರ್ ದಳದೊಂದಿಗೆ ಇಲ್ಲಿಗೆ ಬಂದ ಚರ್ಚಿಲ್ ಪೋಲೋ ಆಡುತ್ತಿದ್ದ ಕಾಲಕ್ಕೂ ಕುದುರೆಗಳ ಹೊಟ್ಟೆ ತುಂಬುತ್ತಿದ್ದದ್ದು ಹೀಗೆಯೇ. ಆ ಗರಿಕೆಯೇ ಇಂದು ಬರ್ಮುಡಾ ಎಂಬ ಹೆಸರಿನಲ್ಲಿ ನರ್ಸರಿಗಳಲ್ಲಿ ಚದರಡಿ ಲೆಕ್ಕಕ್ಕೆ ಮಾರಾಟವಾಗುತ್ತಿದೆ. ಆಗ ಕೊಯ್ದ ಹುಲ್ಲಿಗೆ ಕಾಯುವ ಬಾಯಿ ಇತ್ತು. ನಮ್ಮ ಲಾನಿನದು ಕೊಯ್ದ ಮೇಲೆ ಎಲ್ಲಿಗೆ ಹಾಕುವುದೆಂಬ ಚಿಂತೆ.

ಮೂವರ್ ಆರಿಸುವಾಗ ಇದೂ ಒಂದು ಮುಖ್ಯ ಪ್ರಶ್ನೆ, ಯಾರೂ ಕೇಳುವುದಿಲ್ಲ ಅಷ್ಟೆ. ಕೊಯ್ದದ್ದನ್ನು ಪಕ್ಕಕ್ಕೆ ಉಗುಳುವ ಡೆಕ್ಕು ಬೇಕೋ, ಹಿಂದಿನ ಚೀಲಕ್ಕೆ ತುಂಬುವುದೋ, ಅಲ್ಲೇ ನುಣ್ಣಗೆ ಕೊಚ್ಚಿ ಬುಡಕ್ಕೆ ಉದುರಿಸುವುದೋ? ಮಾಲಿ ಚೀಲದ ಪರ, ಹಸುಗಳಿಗಾಗಿ. ಆದರೆ ಮೂವರ್ ಕೊಚ್ಚಿದ ಹಸಿ ಹುಲ್ಲು ಗುಡ್ಡೆ ಹಾಕಿದ ಕೆಲವೇ ಗಂಟೆಗಳಲ್ಲಿ ಒಳಗೊಳಗೇ ಕಾವು ಏರಿ ಹುಳಿಯುತ್ತದೆ, ಕುದುರೆಗಂತೂ ಹೊಟ್ಟೆನೋವು ತರಿಸುತ್ತದೆ. ನಮ್ಮ ಹುಲ್ಲಿಗೆ ಕುಡಿಸುವುದು ಎಸ್‌ಟಿಪಿಯಲ್ಲಿ ಶುದ್ಧೀಕರಿಸಿದ ಕೊಳಚೆ ನೀರು, ಮೇಲೊಂದಿಷ್ಟು ಕಳೆನಾಶಕ ಬೇರೆ. "ಕುಡುಗೋಲಲ್ಲಿ ಕುಯ್ದಿದ್ದು ತಿಂತವೆ ಸಾರ್, ಮಷೀನ್ದು ಮೂಸಿ ಬಿಟ್ಬಿಡ್ತವೆ," ಎಂದು ಕೊನೆಗೆ ಅವರೇ ಹೇಳಿದರು. ಹಾಗಾದರೆ ಕೊಚ್ಚಿ ಉದುರಿಸುವುದೇ ವಾಸಿ, ಗೊಬ್ಬರವೂ ಆಯಿತು. ಆದರೆ ಅದಕ್ಕೆ ಹುಲ್ಲಿನ ಎತ್ತರದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಒಮ್ಮೆಗೇ ತೆಗೆಯಬಾರದು. ಅಂದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ವಾರ ತಪ್ಪಿಸುವಂತಿಲ್ಲ.

ಫೆಬ್ರುವರಿಯಿಂದಾಚೆ ಗಾಡಿಗೂ ಕೆಲಸವಿಲ್ಲ. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರವೆದ್ದು, ಕುಡಿಯುವ ನೀರನ್ನು ತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿದಾಗ ನಮ್ಮ ಲಾನ್ ತೆಂಗಿನ ನಾರಿನ ಬಣ್ಣಕ್ಕೆ ತಿರುಗಿತ್ತು. ಅಂಥ ತಿಂಗಳುಗಳಲ್ಲಿ ಗಾಡಿ ಬೇಸ್‌ಮೆಂಟಿನ ಮೂಲೆಯಲ್ಲಿ ಮಲಗಿರುತ್ತದೆ. ಟ್ಯಾಂಕಿನಲ್ಲುಳಿದ ಪೆಟ್ರೋಲು ಕಾರ್ಬ್ಯುರೇಟರಿನಲ್ಲಿ ಅಂಟಾಗುತ್ತದೆ. ವೈರನ್ನು ಹೆಗ್ಗಣ ನೋಡಿಕೊಳ್ಳುತ್ತದೆ.

ಡೆಕ್ಕಿನಡಿ ಬ್ಲೇಡು ತಿರುಗಿಸುವ ಉದ್ದನೆಯ ಬೆಲ್ಟು ಕಿತ್ತುಹೋದರೆ ಗತಿಯೇನೆಂದು ಶಿವಾಜಿನಗರದ ಗುಜರಿಗೆ ಹೋಗಿ ವಿಚಾರಿಸಿದೆ. ಹಳೇ ಅಂಬಾಸಿಡರಿನ ಬಾಗಿಲಿನ ಹಿಡಿಯಿಂದ ಹಿಡಿದು ನಿನ್ನೆ ಮೊನ್ನೆಯ ಕಾರಿನ ಹೆಡ್‌ಲೈಟಿನವರೆಗೆ ಏನು ಬೇಕಾದರೂ ಸಿಗುವ ಗಲ್ಲಿಗಳು. "ಕೌನ್‌ಸೀ ಗಾಡಿ ಸಾಬ್?" ಎಂದರು ಅಂಗಡಿಯವರು. ಹುಲ್ಲು ಕತ್ತರಿಸುವ ಗಾಡಿ ಎಂದೆ. ಗೋಡೆಯ ಮೊಳೆಗೆ ತೂಗಿದ್ದ ಬೆಲ್ಟುಗಳ ಗೊಂಚಲು ನೋಡಿ, ನನ್ನನ್ನು ನೋಡಿ, "ಬಕ್ರಿ ಪಾಲ್‌ಲೋ ಸಾಬ್, ಪೆಟ್ರೋಲ್ ನಕ್ಕೋ," ಎಂದು ನಕ್ಕು ಚಹಾ ತರಿಸಿದರು. ಬೆಲ್ಟು ಸಿಗಲಿಲ್ಲ, ಸಲಹೆ ಮಾತ್ರ ತೂಕದ್ದೇ. ನಮ್ಮ ಬೈಲಾದಲ್ಲಿ ಆಡಿಗೆ ಜಾಗವಿಲ್ಲ.

ಒಬ್ಬ ಡೀಲರು ಡೆಮೊಗೆಂದು ಲಾನ್ ಟ್ರ್ಯಾಕ್ಟರೊಂದನ್ನು ತಂದಿಳಿಸಿದ ಭಾನುವಾರ ಸಣ್ಣ ಜಾತ್ರೆಯೇ ನೆರೆದಿತ್ತು. ಮಾಲಿ ಹತ್ತಿ ಕೂತರು, ಗಾಡಿ ಹೊರಟಿತು, ಚಪ್ಪಾಳೆ. ಹತ್ತು ಮಾರು ಹೋಗುವಷ್ಟರಲ್ಲಿ ಹುಲ್ಲಿನಲ್ಲಿ ಟೆನಿಸ್ ಬಾಲು. ಎತ್ತಲು ಸೀಟಿನಿಂದ ಎದ್ದರೆ ಇಂಜಿನ್ ಗಪ್ಪನೆ ನಿಂತಿತು. ಮತ್ತೆ ಹತ್ತಿ ಸ್ಟಾರ್ಟ್ ಮಾಡಿದರು. ಮುಂದೆ ಯಾರದೋ ಮಗುವಿನ ಚಪ್ಪಲಿ, ಅದರಾಚೆ ತೆಂಗಿನ ಗರಿ. ಪ್ರತಿ ಸಲವೂ ಅದೇ ಕಥೆ. "ಎದ್ರೆ ಆರೋಗ್ತದೆ ಸಾರ್ ಇದು!" ಸೀಟಿನಡಿ ಒಂದು ಸ್ವಿಚ್ಚಿದೆ, ಬ್ಲೇಡು ತಿರುಗುತ್ತಿರುವಾಗ ಮೈಭಾರ ತಪ್ಪಿದರೆ ಇಂಜಿನ್ ಆರುತ್ತದೆ. ಅದರ ವೈರು ತಿರುಚಿ ಕಟ್ಟಿದರಾಯಿತು ಎಂದರು ನಮ್ಮಲ್ಲೊಬ್ಬರು, ಜುಗಾಡಿನ ಉತ್ಸಾಹದಲ್ಲಿ. ಸೇನೆಯ ಸ್ಯಾಪರ್ಸ್ ದಳದಲ್ಲಿದ್ದು ನಿವೃತ್ತರಾದ ಸುಬೇದಾರರು ಅಲ್ಲೇ ನಿಂತಿದ್ದರು. "ಅದು ಅವರ ಕಾಲಿಗಿಟ್ಟ ಕಾವಲು ಕಣ್ರೀ. ಕಟ್ಟೋದಾದ್ರೆ ಮೊದಲು ನೀವು ಕೂತು ಓಡಿಸಿ," ಎಂದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಬ್ಲೇಡಿನ ತುದಿ ಗಂಟೆಗೆ 300 ಕಿ.ಮೀ. ವೇಗದ ಆಸುಪಾಸಿನಲ್ಲಿ ಸುತ್ತುತ್ತದೆ, ಅದಕ್ಕೆ ತಗುಲಿದ ಜಲ್ಲಿಕಲ್ಲಿಗೆ ಮಕ್ಕಳು ಯಾರು, ದೊಡ್ಡವರು ಯಾರು.

ನಾನು ಕಮಿಟಿಗೆ ಬರೆದುಕೊಟ್ಟದ್ದು ಒಂದೇ ಪುಟ. ಯಂತ್ರ ಆರಿಸುವಾಗ ಎಕರೆ ನೋಡುವುದು ಬೇಡ, ಅಡ್ಡಿಯಿಲ್ಲದೆ ನೇರ ಎಷ್ಟು ದೂರ ಹೋಗಬಹುದು ನೋಡಿ, ಎಲ್ಲಕ್ಕಿಂತ ಕಿರಿದಾದ ಗೇಟು ನೋಡಿ, ಓಡಿಸುವವರನ್ನು ಕೇಳಿ. ಈ ಮೂರರಲ್ಲೂ ರೈಡ್-ಆನ್ ನಮಗೆ ಹೊಂದುವುದಿಲ್ಲ. ತಾನಾಗಿ ಮುಂದೆ ಸಾಗುವ 21 ಇಂಚಿನ ಎರಡು ಮೂವರ್, ಕಂಬದ ಬುಡಕ್ಕೆ ಈಗಿರುವ ಬ್ರಷ್ ಕಟರೇ ಸಾಕು. ಅಮೆರಿಕದ ಹಿರಿಯರಿಗೆ ಬೇಸರವಾಯಿತು. ಕೂತು ಮಾಡುವ ಕೆಲಸಕ್ಕೆ ಒಂದು ಗೌರವವಿದೆ, ಮಾಲಿಗೂ ಅದು ಸಿಗಲಿ ಎಂಬುದು ನನ್ನ ಉದ್ದೇಶವಾಗಿತ್ತು ಎಂದರು. ಅದರಲ್ಲಿ ಸತ್ಯವಿಲ್ಲದಿಲ್ಲ. ಬೆನ್ನು ಬಗ್ಗಿಸಿ ದುಡಿದವರಿಗೆ ಸೀಟು ದೊಡ್ಡ ವಿಷಯ. ಮಾಲಿಯವರನ್ನೇ ಕೇಳಿದೆವು. ಸೀಟಿನ ವಿಷಯ ಅವರು ಎತ್ತಲಿಲ್ಲ, ಗಟ್ಟಿ ಬೂಟು, ಕಣ್ಣಿಗೆ ಕನ್ನಡಕ, ಮಷೀನಿಡಲು ಸೋರದ ಒಂದು ಶೆಡ್ಡು ಕೇಳಿದರು. ಉಳಿದ ದುಡ್ಡಿನಲ್ಲಿ ಮೂರೂ ಮಂಜೂರಾದವು.

ಮಹಾಗನಿ ಕೆಳಗಿನ ಹುಲ್ಲು ಬಾರದ ಜಾಗಕ್ಕೆ ಏನು ಮಾಡುವುದೆಂದು ಮುಂದಿನ ಮೀಟಿಂಗಿಗೆ ಬಿಟ್ಟಿದ್ದೇವೆ. ಪೇವರ್ ಹಾಕಿಸಬೇಕೆನ್ನುವವರು ಒಂದು ಬಣ, ಪ್ಲಾಸ್ಟಿಕ್ ಹುಲ್ಲೆನ್ನುವವರು ಇನ್ನೊಂದು ಬಣ. ಮಾಲಿ ಆಗಲೇ ಅಲ್ಲಿ ಅರಿಶಿನ ನೆಟ್ಟಿದ್ದಾರೆ.