ಸಾಲಮಾಂಕಾದಿಂದ ತಂದೆಯವರಿಗೆ: ಕಾಗದ ಬರೆಸುವ ಪರೀಕ್ಷೆ

ಸಾಲಮಾಂಕಾ, ಸ್ಪೇನ್

ತೀರ್ಥರೂಪರಾದ ತಂದೆಯವರಿಗೆ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ತೋರ್ಮೆಸ್ ನದಿಯ ದಡದ ಈ ಊರಿನ ವಿಶ್ವವಿದ್ಯಾಲಯವನ್ನು ಲೆಯೋನಿನ ದೊರೆ ಒಂಬತ್ತನೆಯ ಅಲ್ಫೋನ್ಸೊ 1218ರಲ್ಲಿ ಸ್ಥಾಪಿಸಿದನು. ನೆಬ್ರಿಹಾ ಎಂಬ ವೈಯಾಕರಣ ಬರೆದ ಕಸ್ತೀಲಿಯನ್ ಭಾಷೆಯ, ಅಂದರೆ ಇಂದಿನ ಸ್ಪ್ಯಾನಿಷಿನ, ವ್ಯಾಕರಣ 1492ರಲ್ಲಿ ಅಚ್ಚಾದದ್ದೂ ಇಲ್ಲಿಯೇ. ಇನ್ನು ಪರೀಕ್ಷೆಯ ವಿಷಯ: ಸ್ಪ್ಯಾನಿಷ್ ಮನೆಮಾತಲ್ಲದವರು ಆ ಭಾಷೆಯಲ್ಲಿ ಎಷ್ಟು ಪಳಗಿದ್ದಾರೆಂದು ಅಳೆಯುವ 'ದೆಲೆ' ಪರೀಕ್ಷೆಯ ಪ್ರಮಾಣಪತ್ರವನ್ನು ಸ್ಪೇನಿನ ಶಿಕ್ಷಣ ಸಚಿವಾಲಯದ ಪರವಾಗಿ ಸೆರ್ವಾಂತೆಸ್ ಸಂಸ್ಥೆ ಕೊಡುತ್ತದೆ. ಎ1ರಿಂದ ಸಿ2ರವರೆಗಿನ ಆರು ಮೆಟ್ಟಿಲುಗಳಲ್ಲಿ ನಾಲ್ಕನೆಯದಾದ ಬಿ2 ಅನ್ನು ಇಲ್ಲಿನ ಹಲವು ವಿಶ್ವವಿದ್ಯಾಲಯಗಳು ಪ್ರವೇಶಕ್ಕೆ ಕೇಳುವುದರಿಂದ, ಹೊರದೇಶದ ವಿದ್ಯಾರ್ಥಿಗಳ ಕಣ್ಣೆಲ್ಲ ಅದರ ಮೇಲೆಯೇ.

ಬಿ2 ಪರೀಕ್ಷೆಯಲ್ಲಿ ಓದು ಮತ್ತು ಬರವಣಿಗೆ ಒಂದು ಜೋಡಿ, ಕೇಳುವುದು ಮತ್ತು ಮಾತನಾಡುವುದು ಇನ್ನೊಂದು ಜೋಡಿ. ಜೋಡಿಯೊಂದಕ್ಕೆ 50 ಅಂಕಗಳಿದ್ದು, ಎರಡರಲ್ಲಿಯೂ ತಲಾ 30 ಬರಲೇಬೇಕು. ಹೀಗಾಗಿ ಚೆನ್ನಾದ ಓದು ತೊಡಕಿನ ಬರವಣಿಗೆಯನ್ನು ದಡ ಸೇರಿಸಬಹುದೇ ಹೊರತು, ಅಂಗಡಿಯವರ ಮಾತು ಹಿಡಿಯಲಾರದ ಕಿವಿಯನ್ನು ಕಾಪಾಡಲಾರದು.

80 ನಿಮಿಷಗಳ ಬರವಣಿಗೆಯ ಭಾಗದಲ್ಲಿ ಮೊದಲ ಪ್ರಶ್ನೆಯೇ ಕಾಗದ ಬರೆಯುವುದು. ಧ್ವನಿಮುದ್ರಣದಲ್ಲಿ ಕೇಳಿಸಿದ ಸುದ್ದಿಯ ಸಾರವನ್ನು ಹಿಡಿದು, ಅಭ್ಯರ್ಥಿಯು 150ರಿಂದ 180 ಪದಗಳಲ್ಲಿ ಸಂಬಂಧಪಟ್ಟವರಿಗೆ ಬರೆಯಬೇಕು. 'ಮಾನ್ಯರೇ' ಎಂಬರ್ಥದ 'ಎಸ್ತಿಮಾದೊ ಸೆನ್ಯೋರ್' ಎಂಬ ಸಂಬೋಧನೆಯ ಮುಂದೆ ಅಲ್ಪವಿರಾಮ ಸಲ್ಲದು, ಒಂದರ ಮೇಲೊಂದು ಎರಡು ಚುಕ್ಕೆ ಇಡಬೇಕು. ಗೌರವ ಸೂಚಿಸುವ 'ಉಸ್ತೆದ್' ಎಂಬ ಸರ್ವನಾಮವು 'ತಮ್ಮ ಕೃಪೆ' ಎಂಬರ್ಥದ ಹಳೆಯ ಉಪಚಾರದ ಮಾತು ಸವೆದು ಆದದ್ದಾದ್ದರಿಂದ, ಎದುರಿಗಿರುವವರನ್ನೇ ಕುರಿತು ಹೇಳುವಾಗಲೂ ಅದರ ಕ್ರಿಯಾಪದ 'ಅವರು' ಎಂಬುದಕ್ಕೆ ಹೊಂದುವ ಪ್ರಥಮ ಪುರುಷದಲ್ಲಿಯೇ ಇರುತ್ತದೆ. ಈ ಪದ್ಧತಿಯನ್ನು ಯುರೋಪಿನವರ ವಿಚಿತ್ರವೆಂದು ತಾವು ನಗುವ ಮೊದಲು, ಈ ಪತ್ರದ ಆರಂಭದಲ್ಲಿ ನಮಸ್ಕಾರ ಮಾಡಿದವಳೂ 'ಮಗಳು' ಎಂಬ ಪ್ರಥಮ ಪುರುಷದಲ್ಲಿಯೇ ಇದ್ದಾಳೆಂಬುದನ್ನು ಗಮನಿಸಬೇಕು.

ಇಂಗ್ಲಿಷಿನ ದಾರಿಯಿಂದ ಬಂದವರು ಎಡವುವ ಕೆಲವೆಡೆ ಕನ್ನಡಿಗರಿಗೆ ದಾರಿ ಸಲೀಸು. 'ಅಮ್ಮನಿಗೆ ಕಾಫಿ ಇಷ್ಟ' ಎನ್ನಲು ಸ್ಪ್ಯಾನಿಷಿನಲ್ಲಿ 'ಆ ಮಿ ಮಾದ್ರೆ ಲೆ ಗುಸ್ತಾ ಎಲ್ ಕಫೆ' ಎನ್ನುತ್ತಾರೆ. ಕಾಫಿಯೇ ಕರ್ತೃ, ಅಮ್ಮ ಚತುರ್ಥಿ ವಿಭಕ್ತಿಯಲ್ಲಿ. 'ಆದರೆ' ಎಂಬರ್ಥದ 'ಪೆರೊ' ಮತ್ತು 'ನಾಯಿ' ಎಂಬರ್ಥದ 'ಪೆಱೊ' ಎಂಬ ಪದಗಳ ನಡುವಿನ ವ್ಯತ್ಯಾಸವನ್ನು ಬರೆದು ತೋರಿಸಲು ಹಳಗನ್ನಡದ ಶಕಟರೇಫ ಇಲ್ಲಿ ಒದಗಿಬಂದಿತು. ನಾಲಿಗೆಗೆ ಮಾತ್ರ ಅದು ಇನ್ನೂ ಒದಗಿಲ್ಲ. ನಿಜವಾದ ಕಷ್ಟವಿರುವುದು, ಸಂದೇಹ, ಆಸೆ, ಊಹೆಗಳನ್ನು ಹೇಳುವಾಗ ಕ್ರಿಯಾಪದ ತಾಳುವ 'ಸುಬ್‌ಹುಂತಿವೊ' ಎಂಬ ರೂಪದಲ್ಲಿ. 'ಮಳೆ ಬರುತ್ತಿದ್ದರೂ' ಎಂದು ಕಂಡದ್ದನ್ನು ಹೇಳುವಾಗ ಕ್ರಿಯಾಪದ 'ಯುಎವೆ', 'ಮಳೆ ಬಂದರೂ ಸರಿಯೇ' ಎಂದು ಊಹಿಸಿ ಹೇಳುವಾಗ 'ಯುಎವಾ'. ಕೊನೆಯ ಒಂದು ಸ್ವರದಲ್ಲಿ ಇಡೀ ಮನೋಭಾವ ಅಡಗಿರುವ ಈ ರೂಪವನ್ನು ಪಟ್ಟಿ ಮಾಡಿ ಬಾಯಿಪಾಠ ಹೊಡೆಯುವುದು ವ್ಯರ್ಥವೆಂದೇ ಹೇಳಬೇಕು.

ಪಾಸಾಗಲು ಇಲ್ಲಿ ಬೇರೊಂದು ದಾರಿಯೂ ಉಂಟಂತೆ: ವಿಶ್ವವಿದ್ಯಾಲಯದ ಹಳೆಯ ಕಟ್ಟಡದ ಮುಂಗೋಡೆಯ ದಟ್ಟ ಕೆತ್ತನೆಯಲ್ಲಿ, ಒಂದು ತಲೆಬುರುಡೆಯ ಮೇಲೆ ಪುಟ್ಟ ಕಪ್ಪೆಯೊಂದು ಕುಳಿತಿದೆ. ಯಾರೂ ತೋರಿಸದೆ ಅದನ್ನು ಕಂಡುಹಿಡಿದವರು ಪರೀಕ್ಷೆಯಲ್ಲಿ ಪಾಸಾಗುತ್ತಾರೆಂಬುದು ವಿದ್ಯಾರ್ಥಿಗಳ ನಂಬಿಕೆ. ಬೆರಳು ಚಾಚಿ ತೋರಿಸುವ ಪ್ರವಾಸಿಗರ ಗುಂಪು ಅಲ್ಲಿ ಸದಾ ಇರುವುದರಿಂದ ಆ ಪುಣ್ಯ ಈಗ ಸುಲಭವಾಗಿ ದಕ್ಕುವುದಿಲ್ಲ. ಪರೀಕ್ಷೆಯ ಕಾಗದಕ್ಕೆ 180 ಪದಗಳೇ ಮಿತಿಯಾಗಿದ್ದು, ಈ ಕಾಗದ ಅದನ್ನು ಆಗಲೇ ಬಹಳ ಮೀರಿದೆ.

ಇಂತಿ,
ತಮ್ಮ ಪ್ರೀತಿಯ ಮಗಳು