ಪೇಟೆಯ ಪ್ರದಕ್ಷಿಣೆಯೂ ಮನೆಯ ಗಂಟೂ

ಕಾಶೀ ರಾಮೇಶ್ವರಗಳ ಯಾತ್ರೆಯನ್ನು ಕುರಿತು ಬರೆದವರು ಬಹುಮಂದಿ ಉಂಟು. ಬೇಲೂರು ಹಳೇಬೀಡುಗಳ ಶಿಲ್ಪವನ್ನು ಬಣ್ಣಿಸಿದವರೂ ಕಡಮೆಯಿಲ್ಲ. ಆದರೆ ಗೃಹಸ್ಥನಾದವನು ತನ್ನ ಆಯುಷ್ಯದಲ್ಲಿ ಕಾಶಿಗೆ ಹೋಗುವುದು ಒಮ್ಮೆಯೋ ಎರಡು ಬಾರಿಯೋ. ದಿನಸಿಗಾಗಿ ಅಂಗಡಿಗೆ ಹೋಗುವುದು ತಿಂಗಳಿಗೊಮ್ಮೆಯಾದರೂ ತಪ್ಪದು. ಈ ಎರಡನೆಯ ಯಾತ್ರೆಯ ವಿಷಯದಲ್ಲಿ ನಮ್ಮವರು ಬರೆದಿರುವುದು ಅತ್ಯಲ್ಪ. ವರಮಾನವು ಇಷ್ಟೇ ಎಂದು ಗೊತ್ತಾಗಿರುವ ಸಂಸಾರಕ್ಕೆ ಇದರ ಫಲವೇನೂ ಪರಲೋಕದಲ್ಲಿ ಕಾದಿರುವುದಿಲ್ಲ. ತಿಂಗಳ ಇಪ್ಪತ್ತೈದನೆಯ ತಾರೀಖಿಗೆ ಡಬ್ಬಿಯ ಮುಚ್ಚಳವನ್ನು ತೆಗೆದಾಗ ಕಣ್ಣಿಗೆ ಕಾಣುತ್ತದೆ. ಪಾಠಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ಬೆಂಗಳೂರಿನ ಹಳೆಯ ಪೇಟೆಯನ್ನು ನಾನು ತಿಂಗಳು ತಿಂಗಳೂ ಸುತ್ತುತ್ತಿದ್ದೇನೆ. ಆ ಸುತ್ತಿನಲ್ಲಿ ಕಂಡದ್ದನ್ನೂ ತಿಳಿದದ್ದನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹಿರಿಯ ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ಪ್ರಸಿದ್ಧವಾಗಿರುವ ಈ ಪೇಟೆಯಲ್ಲಿ ಬೀದಿಗಳ ಹೆಸರುಗಳೇ ಒಂದು ದಿನಸಿಯ ಪಟ್ಟಿಯಂತಿವೆ. ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ಬಳೇಪೇಟೆ, ತರಗುಪೇಟೆ: ಹೆಸರನ್ನು ಕೇಳಿದೊಡನೆಯೇ ಅಲ್ಲಿ ಏನು ದೊರೆಯುತ್ತಿತ್ತೆಂಬುದು ಹೊಳೆಯುತ್ತದೆ. ಇಂದು ಕೆಲವು ಬೀದಿಗಳಲ್ಲಿ ಹೆಸರು ಮಾತ್ರ ಉಳಿದು ವ್ಯಾಪಾರ ಬೇರೆಯಾಗಿದೆ. ಆದರೂ ಒಂದು ಕಸುಬಿಗೆ ಒಂದು ಬೀದಿ ಎಂಬ ಹಳೆಯ ಏರ್ಪಾಡಿನಲ್ಲಿ ಕೊಳ್ಳುವವನಿಗೆ ಒಂದು ದೊಡ್ಡ ಅನುಕೂಲವಿತ್ತು. ಹತ್ತು ಅಂಗಡಿಗಳು ಒಂದೇ ಪದಾರ್ಥವನ್ನು ಅಕ್ಕಪಕ್ಕದಲ್ಲಿ ಇಟ್ಟುಕೊಂಡು ಕುಳಿತಿರುವಾಗ ಬೆಲೆಯು ಬಚ್ಚಿಟ್ಟುಕೊಳ್ಳಲು ಸ್ಥಳವಿರುವುದಿಲ್ಲ. ಬಡಾವಣೆಯ ಒಂಟಿ ಅಂಗಡಿಯಲ್ಲಿ ಕೇಳಿದ್ದೇ ಬೆಲೆ. ಇಲ್ಲಿ ನಾಲ್ಕು ಹೆಜ್ಜೆ ಮುಂದಕ್ಕೆ ನಡೆದರೆ ಎರಡನೆಯ ಬೆಲೆ.

ಪ್ರದಕ್ಷಿಣೆಯನ್ನು ಕೃಷ್ಣರಾಜೇಂದ್ರ ಮಾರುಕಟ್ಟೆಯಿಂದ ತೊಡಗುವುದು ಲೇಸು. ಈ ಮಾರುಕಟ್ಟೆಗೆ 2017ರಿಂದ ಮೆಟ್ರೋ ರೈಲಿನ ನಿಲ್ದಾಣವೂ ಒದಗಿರುವುದರಿಂದ ವಯಸ್ಸಾದವರಿಗೂ ಬರುವುದು ಕಷ್ಟವಲ್ಲ. ಬೆಳಗಿನ ಜಾವದಲ್ಲಿ ಇಲ್ಲಿ ಹೂವಿನ ರಾಶಿಗಳ ನಡುವೆ ಕಾಲಿಡಲು ಜಾಗವಿರುವುದಿಲ್ಲ. ಸೊಪ್ಪಿನ ಮೂಟೆಗಳು ಇಳಿಯುವುದೂ ಆಗಲೇ. ಸೊಪ್ಪಿನ ಬೆಲೆಗೆ ಗಡಿಯಾರದೊಡನೆ ಸಂಬಂಧವುಂಟು. ಎಳೆಬಿಸಿಲಿನಲ್ಲಿ ತಲೆಯೆತ್ತಿ ನಿಂತ ಕೊತ್ತಂಬರಿಯ ಕಟ್ಟು ಸಂಜೆಯ ಹೊತ್ತಿಗೆ ಬಾಡಿ, ಬೆಳಗಿನ ಬೆಲೆಯಲ್ಲಿ ಒಂದಂಶಕ್ಕೆ ಇಳಿಯುತ್ತದೆ. ಆ ರಾತ್ರಿಯೇ ಅಡಿಗೆಗೆ ಬಳಸುವವರು ಸಂಜೆ ಕೊಂಡರೆ ಲಾಭ. ಮೂರು ದಿನ ಇಡುವವರು ಬೆಳಗ್ಗೆ ಕೊಂಡರೇ ಲಾಭ. ಅಗ್ಗವೆಂದು ಸಂಜೆ ಕೊಂಡು ಮರುದಿನ ಗೊಬ್ಬರದ ಗುಂಡಿಗೆ ಹಾಕಿದ ಸೊಪ್ಪು ಎಲ್ಲಕ್ಕಿಂತ ದುಬಾರಿಯಾದದ್ದು.

ಸೊಪ್ಪಿನ ಸಾಲಿನಲ್ಲಿ ನಮ್ಮ ಜನಕ್ಕೆ ಪ್ರಿಯವಾದ ಒಂದು ಪದಾರ್ಥವುಂಟು, ಅದಕ್ಕೆ ಬೆಲೆಯಿಲ್ಲ. ಅದೇ ಕೊಸರು. ಅಳತೆಯಾದ ಮೇಲೆ ಮಾರುವವಳು ತಾನಾಗಿ ಹಾಕುವ ಒಂದು ಹಿಡಿ, ಎರಡು ಎಸಳು ಕರಿಬೇವು. ಕೊಟ್ಟರೆ ಅದು ಪ್ರೀತಿ. ಕಿತ್ತುಕೊಂಡರೆ ಅದು ಕೊಸರಲ್ಲ, ಕೊಸರಾಟ. ಒಂದು ದಿನ ನನ್ನ ಪಕ್ಕದಲ್ಲಿ ನಿಂತಿದ್ದವರೊಬ್ಬರು ಐದು ರೂಪಾಯಿಗಾಗಿ ಬಹಳ ಹೊತ್ತು ವಾದಿಸಿದರು. ಕೊನೆಗೆ ಆ ಮುದುಕಿ, “ತಗೊಳ್ಳಿ ಸ್ವಾಮಿ, ಬೋಣಿ ಹೊತ್ತು, ನಿಮ್ಮ ಮಾತೇ ಆಗ್ಲಿ” ಎಂದು ಕಟ್ಟನ್ನು ಕೊಟ್ಟಳು. ಅದೇ ಮಹನೀಯರು ಎದುರಿನ ಅಂಗಡಿಯಲ್ಲಿ ಮುದ್ರಿತ ಬೆಲೆಯ ಪೊಟ್ಟಣಗಳನ್ನು ಒಂದು ಮಾತೂ ಆಡದೆ ಚೀಲಕ್ಕೆ ತುಂಬಿಕೊಂಡರು. ಪೊಟ್ಟಣದ ಮೇಲೆ ಅಚ್ಚಾಗಿರುವುದು ಗರಿಷ್ಠ ಬೆಲೆಯೇ ಹೊರತು ಕೊಡಲೇಬೇಕಾದ ಬೆಲೆಯಲ್ಲ. ಅದಕ್ಕಿಂತ ಕಡಮೆಗೆ ಮಾರಲು ಅಂಗಡಿಯವನಿಗೆ ಯಾವ ಅಡ್ಡಿಯೂ ಇಲ್ಲ. ಚೌಕಾಸಿಗೆ ಯೋಗ್ಯವಾದ ಸ್ಥಳದಲ್ಲಿ ಮೌನವೂ, ಅಯೋಗ್ಯವಾದ ಸ್ಥಳದಲ್ಲಿ ವಾಗ್ಮಿತೆಯೂ ನಮ್ಮಲ್ಲಿ ರೂಢಿಯಾಗಿಬಿಟ್ಟಿವೆ. ಬುಟ್ಟಿಯವಳಿಂದ ಉಳಿಸಿದ ಹಣವು ಉಳಿತಾಯವಲ್ಲ, ವರ್ಗಾವಣೆ: ಅವಳ ಮನೆಯ ಅನ್ನವು ನಮ್ಮ ಮನೆಗೆ ಬಂದದ್ದು.

ಹಾಗಾದರೆ ನಿಜವಾದ ಉಳಿತಾಯವಿರುವುದೆಲ್ಲಿ? ನಾನು ತಿಳಿದಮಟ್ಟಿಗೆ ಅದು ಮೂರು ವಿಷಯಗಳ ಅರಿವಿನಲ್ಲಿದೆ: ಪದಾರ್ಥದ ಕಾಲ, ಅದರ ರೂಪ, ಅದರ ಮಾನ.

ಕಾಲವೆಂದರೆ ಋತು. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ಮೊದಲು ಬಂದಾಗ ನಾಲಗೆಯ ಚಾಪಲ್ಯದಿಂದ ಕೊಂಡವರು ಹೆಚ್ಚು ಬೆಲೆ ತೆತ್ತು ಎಳಸಾದ ಕಾಯನ್ನು ತರುತ್ತಾರೆ. ಧನುರ್ಮಾಸದಲ್ಲಿ ಕೊಂಡವರು ಕಡಮೆ ಬೆಲೆಗೆ ತುಂಬಿದ ಕಾಳನ್ನು ಪಡೆಯುತ್ತಾರೆ. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯೂ ಇಂಥ ಒಂದು ಋತುಧರ್ಮದ ಉತ್ಸವವೇ. ಹೊಸ ಬೆಳೆಯು ದೇವರಿಗೆ ಅರ್ಪಿತವಾಗುವುದರ ಜೊತೆಗೆ ಗೃಹಸ್ಥನ ಚೀಲಕ್ಕೂ ಸೇರುತ್ತದೆ. ಅಲ್ಲಿ ಇಂದಿಗೂ ಸೇರಿನಲ್ಲಿ ಅಳೆದು ಕೊಡುವ ಪದ್ಧತಿಯುಂಟು. ಅಳೆಯುವಾಗ ತಲೆತುಂಬ ಅಳೆಯುತ್ತಾರೋ ಬಾಯಿಮಟ್ಟಕ್ಕೆ ಅಳೆಯುತ್ತಾರೋ ನೋಡಿಕೊಳ್ಳಬೇಕು. ತೂಕಕ್ಕೆ ಕೊಳ್ಳುವುದಾದರೆ ಹಸಿ ಕಾಯಿಯಲ್ಲಿ ನೀರಿನ ತೂಕಕ್ಕೂ ಹಣ ಕೊಟ್ಟಂತಾಗುವುದನ್ನು ಮರೆಯಬಾರದು.

ವರ್ಷಕ್ಕೊಮ್ಮೆ ಕೊಳ್ಳುವ ಪದಾರ್ಥಗಳಿಗೂ ಕಾಲವುಂಟು. ಮಾಘದಿಂದ ಚೈತ್ರದವರೆಗೆ ಒಣಮೆಣಸಿನಕಾಯಿಯೂ ಹೊಸ ಹುಣಿಸೆಹಣ್ಣೂ ಪೇಟೆಗೆ ಇಳಿಯುತ್ತವೆ. ಮೆಣಸಿನಕಾಯಿಯಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿಯದು ಹೆಸರಾದದ್ದು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಕಡ್ಡಿ, ಡಬ್ಬಿ ಎಂದು ಅದರಲ್ಲಿ ಎರಡು ಬಗೆ. ಅದರ ಗುಣ ಬಣ್ಣವೇ ಹೊರತು ಖಾರವಲ್ಲ. ಆದ್ದರಿಂದ ಖಾರಕ್ಕೆ ಗುಂಟೂರಿನದನ್ನು ಸ್ವಲ್ಪ ಸೇರಿಸಿದರೆ ಪುಡಿಯು ಹದವಾಗುವುದಲ್ಲದೆ ಬ್ಯಾಡಗಿಯ ಖರ್ಚೂ ಹಿಡಿತಕ್ಕೆ ಬರುತ್ತದೆ. ಕೈಯಲ್ಲಿ ಅಲುಗಿಸಿದಾಗ ಒಳಗಿನ ಬೀಜ ಗಲಗಲವೆಂದರೆ ಕಾಯಿ ಒಣಗಿದೆಯೆಂದು ತಿಳಿಯಬೇಕು. ಮೆತ್ತಗಿರುವ ಕಾಯಿ ತೂಕಕ್ಕೂ ಮೋಸ, ಮಳೆಗಾಲದಲ್ಲಿ ಬೂಷ್ಟಿಗೂ ಆಹಾರ. ಹುಣಿಸೆಹಣ್ಣನ್ನು ಬೀಜಸಹಿತವಾಗಿ ಕೊಂಡರೆ ಅಗ್ಗವೆಂದು ತೋರುತ್ತದೆ. ಆದರೆ ಬೀಜದ ತೂಕವು ಮೂರರಲ್ಲಿ ಒಂದು ಪಾಲಿನಷ್ಟಾಗಬಹುದು; ಅದನ್ನು ಕಳೆದು ಲೆಕ್ಕಹಾಕಿದ ಮೇಲೆ ಅಗ್ಗವೋ ಅಲ್ಲವೋ ಹೇಳಬೇಕು.

ಬೆಲೆ ಇಳಿದಾಗ ಹಿಗ್ಗುವ ನಾವು ಅದರ ಇನ್ನೊಂದು ಮುಖವನ್ನೂ ನೆನೆಯುವುದು ಯುಕ್ತ. 2024ರ ಮಾರ್ಚ್ 11ರಂದು ಮೆಣಸಿನಕಾಯಿಯ ಬೆಲೆ ಕುಸಿದು, ಬ್ಯಾಡಗಿಯ ಮಾರುಕಟ್ಟೆಯಲ್ಲಿ ರೈತರ ಕೋಪವು ಬೆಂಕಿಯಾಗಿ ಹೊರಬಿದ್ದಿತು. ಅಲ್ಲಿಯ ಬೆಲೆಯ ಪತನ ನಮ್ಮ ಬಡಾವಣೆಯ ಪುಡಿಯ ಪೊಟ್ಟಣದವರೆಗೆ ಬರುವಷ್ಟರಲ್ಲಿ ದಾರಿಯಲ್ಲಿಯೇ ಸವೆದುಹೋಗುವುದು ಸಾಮಾನ್ಯ. ಇಡಿಯ ಕಾಯನ್ನು ಋತುವಿನಲ್ಲಿ ಕೊಳ್ಳುವವನಿಗೆ ಮಾತ್ರ ಅದು ಅಷ್ಟಿಷ್ಟು ಮುಟ್ಟುತ್ತದೆ.

ಇದು ನಮ್ಮನ್ನು ಎರಡನೆಯದಾದ ರೂಪದ ವಿಷಯಕ್ಕೆ, ಎಂದರೆ ತರಗುಪೇಟೆಗೆ, ಕರೆತರುತ್ತದೆ. ಮಾರುಕಟ್ಟೆಗೆ ಸಮೀಪವಾದ ಈ ಬೀದಿಗಳಲ್ಲಿ ಮೂಟೆಗಳ ಬಾಯಿ ಬಿಚ್ಚಿ ಧಾನ್ಯವನ್ನು ತೋರಿಸುತ್ತಾರೆ. ಅಂಗೈಯಲ್ಲಿ ಹರಡಿಕೊಂಡು ನುಚ್ಚೆಷ್ಟು, ಕಲ್ಲೆಷ್ಟು, ಹುಳು ಬಿದ್ದಿದೆಯೆ ಎಂದು ನೋಡಿ, ಎರಡು ಕಾಳನ್ನು ಹಲ್ಲಿಗೆ ಕೊಟ್ಟು ಪರೀಕ್ಷಿಸುವ ಸ್ವಾತಂತ್ರ್ಯ ಇಲ್ಲುಂಟು. ಮುಚ್ಚಿದ ಪೊಟ್ಟಣದಲ್ಲಿ ಅದಿಲ್ಲ. ಅಕ್ಕಿಯಲ್ಲಿ ಹೊಸದು ಅಗ್ಗ, ಹಳೆಯದು ತುಟ್ಟಿ. ಆದರೆ ಹಳೆಯ ಅಕ್ಕಿ ಒದಗುತ್ತದೆ. ಹೊಸ ಅಕ್ಕಿ ಮುದ್ದೆಯಾಗುತ್ತದೆ. ಕಿಲೋವಿಗೆ ಇಷ್ಟು ಎಂಬ ಲೆಕ್ಕ ಅಂಗಡಿಯದು. ಒಂದು ಪಾವಿಗೆ ಎಷ್ಟು ಮಂದಿ ಉಂಡರು ಎಂಬ ಲೆಕ್ಕ ಮನೆಯದು. ಬೆಲ್ಲವನ್ನು ಕೊಳ್ಳುವಾಗಲೂ ಬಣ್ಣಕ್ಕೆ ಮರುಳಾಗಬಾರದು. ತೀರ ಬೆಳ್ಳಗೆ ಹಳದಿಯಾಗಿ ಹೊಳೆಯುವ ಅಚ್ಚಿಗೆ ರಾಸಾಯನಿಕದ ಸಂಸ್ಕಾರವಾಗಿರುವ ಸಂಭವ ಹೆಚ್ಚು. ಕಂದುಬಣ್ಣದ ಬೆಲ್ಲವೇ ಅನೇಕ ವೇಳೆ ಬೆಲೆಯಲ್ಲೂ ಗುಣದಲ್ಲೂ ಮೇಲು.

2022ರ ಜುಲೈ 18ರಿಂದ, ಮೊದಲೇ ಕಟ್ಟಿ ಚೀಟಿ ಅಂಟಿಸಿದ 25 ಕಿಲೋವರೆಗಿನ ಅಕ್ಕಿ ಬೇಳೆ ಹಿಟ್ಟುಗಳಿಗೆ ಶೇಕಡ 5ರ ತೆರಿಗೆ ಬಂದಿತು. ಬಿಡಿಯಾಗಿ ತೂಗಿ ಕೊಡುವುದಕ್ಕೆ ಅದು ತಗಲಲಿಲ್ಲ. ಅಂದಿನಿಂದ ಅಂಗಡಿಗಳಲ್ಲಿ 26 ಕಿಲೋವಿನ ಅಕ್ಕಿಮೂಟೆ ಅವತರಿಸಿತು. ಆ ಒಂದು ಕಿಲೋ ಎಲ್ಲಿಂದ ಬಂದಿತೆಂದು ಬೆರಗಾದವರಿಗೆ ಉತ್ತರ ಇದೇ.

ಮೂರನೆಯದು ಮಾನ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತೂಕ ಅಳತೆಗಳನ್ನು ನೋಡಿಕೊಳ್ಳುವುದಕ್ಕೆಂದೇ ಪೌತವಾಧ್ಯಕ್ಷನೆಂಬ ಅಧಿಕಾರಿಯುಂಟು. ದೇಶದೊಳಗಿನ ಸರಕಿಗೆ ನೂರಕ್ಕೆ ಐದು, ಹೊರಗಿನದಕ್ಕೆ ಹತ್ತು ಎಂದು ವರ್ತಕನ ಲಾಭಕ್ಕೂ ಅಲ್ಲಿ ಮಿತಿಯಿದೆ. ಲಾಭದ ಮಿತಿ ಇಂದು ಇಲ್ಲದಿದ್ದರೂ ತೂಕದ ಕಾಯಿದೆಯುಂಟು: ತಕ್ಕಡಿಗೂ ಬೊಟ್ಟಿಗೂ ಸರ್ಕಾರದ ಮುದ್ರೆಯಿರಬೇಕು. ಈಗಿನ ವಿದ್ಯುತ್ ತಕ್ಕಡಿಯಲ್ಲಿ ನೋಡತಕ್ಕದ್ದು, ಪದಾರ್ಥವನ್ನಿಡುವ ಮೊದಲು ಅಂಕೆ ಸೊನ್ನೆಯಲ್ಲಿದೆಯೇ ಎಂಬುದು. ಪೊಟ್ಟಣಗಳಲ್ಲಾದರೋ ಬೆಲೆಯನ್ನು ಹೆಚ್ಚಿಸದೆ ತೂಕವನ್ನು ಕ್ಷೀಣಗೊಳಿಸುವ ಉಪಾಯವಿದೆ. ಸೂರ್ಯಕಾಂತಿ ಎಣ್ಣೆ ಒಂದು ಲೀಟರಾದರೆ ಸುಮಾರು 910 ಗ್ರಾಂ ತೂಗಬೇಕು. ಅದೇ ಗಾತ್ರದಂತೆ ಕಾಣುವ ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿ 850 ಗ್ರಾಂ ಎಂದಿರಬಹುದು. 2021ರಲ್ಲಿ ಮಾಡಿದ ತಿದ್ದುಪಡಿಯಿಂದ ಒಂದು ಗ್ರಾಂಗೆ ಅಥವಾ ಒಂದು ಕಿಲೋವಿಗೆ ಎಷ್ಟಾಯಿತೆಂಬುದನ್ನೂ ಅಚ್ಚು ಹಾಕುವ ನಿಯಮ ಬಂದಿದೆ. ಕನ್ನಡಕವನ್ನು ಮನೆಯಲ್ಲಿ ಬಿಟ್ಟು ದಿನಸಿಗೆ ಹೋಗಬಾರದು.

ಇಷ್ಟನ್ನು ಓದಿ, ನಾಳೆಯೇ ಐದು ಮೂಟೆ ತಂದು ಅಟ್ಟಕ್ಕೆ ಏರಿಸಬೇಕೆಂದು ಯಾರೂ ಹೊರಡಬಾರದು. ಇಬ್ಬರೇ ಇರುವ ಮನೆಯಲ್ಲಿ ಮೂಟೆ ಅಕ್ಕಿಯನ್ನು ಹುಳುಗಳೂ ಹಂಚಿಕೊಳ್ಳುತ್ತವೆ. ತೊಗರಿಬೇಳೆಗೆ ಹರಳೆಣ್ಣೆ ಸವರಿ, ಧಾನ್ಯವನ್ನು ಬಿಸಿಲಿಗೆ ಹಾಕಿ, ಡಬ್ಬಿಯ ತೇವವನ್ನು ಆರಿಸಿ ಇಡುವ ಶ್ರದ್ಧೆಯಿದ್ದರೆ ಮಾತ್ರ ಸಂಗ್ರಹ ಸಲ್ಲುತ್ತದೆ. ಗಾಡಿಯ ಬಾಡಿಗೆಯನ್ನೂ ಕೂಡಿಸಿ ಲೆಕ್ಕ ನೋಡಬೇಕು. ಮನೆಯ ಹತ್ತಿರದ ಅಂಗಡಿಯವನು ಒಂದೆರಡು ರೂಪಾಯಿ ಹೆಚ್ಚು ತೆಗೆದುಕೊಂಡರೂ, ಕಷ್ಟದ ತಿಂಗಳಲ್ಲಿ ಪುಸ್ತಕದಲ್ಲಿ ಬರೆದುಕೊಂಡು ಸಾಲ ಕೊಡುವವನೂ ಅವನೇ. ಆ ಸ್ನೇಹಕ್ಕೂ ಒಂದು ಬೆಲೆಯುಂಟು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೂ ಉಳಿದಿದೆ. ತರಗುಪೇಟೆಯ ಅನುಕೂಲ ದೊರೆಯುವುದು ಕೈಯಲ್ಲಿ ಒಟ್ಟಿಗೆ ಹಣವಿರುವವನಿಗೆ. ದಿನಗೂಲಿಯವನು ಸಂಜೆ ಕೈಗೆ ಬಂದದ್ದರಲ್ಲಿ ನೂರು ಗ್ರಾಂ ಬೇಳೆ, ಅಂಗೈಯಗಲದ ಪೊಟ್ಟಣದಲ್ಲಿ ಎಣ್ಣೆ ಕೊಳ್ಳುತ್ತಾನೆ. ಬೇಳೆ ಕಿಲೋವಿಗೆ 160 ರೂಪಾಯಿಯೆಂದೂ, ನೂರು ಗ್ರಾಮಿನ ಪೊಟ್ಟಣ 20 ರೂಪಾಯಿಯೆಂದೂ ಇಟ್ಟುಕೊಳ್ಳೋಣ. ಅವನಿಗೆ ಕಿಲೋವಿಗೆ 200 ಬಿದ್ದಂತಾಯಿತು. ತಿಂಗಳಿಗೆ ಮೂರು ಕಿಲೋವಾದರೆ 120, ವರ್ಷಕ್ಕೆ 1,440 ರೂಪಾಯಿ, ಅದೂ ಬೇಳೆಯೊಂದರಲ್ಲಿ. ಅತ್ಯಂತ ಕಡಮೆ ಕೊಳ್ಳುವವನೇ ಅತ್ಯಂತ ಹೆಚ್ಚು ತೆರುತ್ತಾನೆ. ಮಿತವ್ಯಯವನ್ನು ಬೋಧಿಸುವ ನಾವು ಅವನಿಗೆ ಏನನ್ನು ಬೋಧಿಸೋಣ?

ಬೋಧನೆಗಿಂತ ಏರ್ಪಾಡು ಮೇಲು. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿಯೇ ರೈತರು ಸಹಕಾರಸಂಘವನ್ನು ಕಟ್ಟಿ, ಒಬ್ಬನಿಂದಾಗದ್ದು ಹತ್ತು ಮಂದಿಯಿಂದ ಆಗುವುದೆಂದು ತೋರಿಸಿಕೊಟ್ಟರು. ನಮ್ಮ ಬೀದಿಯಲ್ಲಿ ನಾವು ನಡೆಸುತ್ತಿರುವುದು ಅಷ್ಟು ದೊಡ್ಡದೇನೂ ಅಲ್ಲ. ನಾಲ್ಕು ಮನೆಯವರು ಸೇರಿ ಅಕ್ಕಿ, ಬೇಳೆ, ಬೆಲ್ಲ, ಮೆಣಸಿನಕಾಯಿಗಳನ್ನು ಒಟ್ಟಿಗೆ ತರಿಸಿ, ಒಂದು ಮನೆಯ ಜಗಲಿಯಲ್ಲಿ ತೂಗಿ ಹಂಚಿಕೊಳ್ಳುತ್ತೇವೆ. ಆ ಮನೆಗಳಲ್ಲಿ ಪಾತ್ರೆ ತೊಳೆಯುವಾಕೆಗೆ ಅದೇ ಬೆಲೆಯಲ್ಲಿ ಐದನೆಯ ಪಾಲು. ಹಣವನ್ನು ಅವಳು ವಾರವಾರವೂ ಕೊಟ್ಟು ತೀರಿಸುತ್ತಾಳೆ. ಮೊದಲ ತಿಂಗಳು ಅವಳು ಅನುಮಾನಿಸಿದಳು. “ದಾನ ಅಂದ್ರೆ ಬೇಡ ಮೇಷ್ಟ್ರೇ” ಎಂದಳು. “ದಾನವಲ್ಲ ತಾಯಿ, ಪಾಲು. ಮೂಟೆ ಹೊತ್ತ ಕೂಲಿಯಲ್ಲೂ ನಿನ್ನ ಭಾಗ ಹಿಡಿದಿದ್ದೇವೆ” ಎಂದು ಲೆಕ್ಕದ ಚೀಟಿಯನ್ನು ಓದಿ ಹೇಳಿದ ಮೇಲೆ ಒಪ್ಪಿದಳು. ಈಗ ಹುಣಿಸೆಹಣ್ಣಿನಲ್ಲಿ ಬೀಜವೆಷ್ಟಿದೆಯೆಂದು ನಮಗಿಂತ ಮೊದಲು ನೋಡುವವಳು ಅವಳೇ.

ಮಿತವ್ಯಯಕ್ಕೂ ಕಾರ್ಪಣ್ಯಕ್ಕೂ ಅಂತರವೇನೆಂದು ಹಿಂದೆ ಹುಡುಗರು ತರಗತಿಯಲ್ಲಿ ಕೇಳುತ್ತಿದ್ದುದುಂಟು. ಕೃಪಣನು ಇನ್ನೊಬ್ಬನ ಪಾಲನ್ನು ತಗ್ಗಿಸಿ ತನ್ನ ಗಂಟನ್ನು ದೊಡ್ಡದು ಮಾಡುತ್ತಾನೆ. ಮಿತವ್ಯಯಿಯು ಹಾಳಾಗುವುದನ್ನು ತಗ್ಗಿಸಿ ಎಲ್ಲರ ಪಾಲನ್ನೂ ದೊಡ್ಡದು ಮಾಡುತ್ತಾನೆ. ವಾಚಕರು ತಮ್ಮ ತಮ್ಮ ಊರಿನ ಸಂತೆಯನ್ನಾಗಲಿ ಪೇಟೆಯನ್ನಾಗಲಿ ಈ ದೃಷ್ಟಿಯಿಂದ ಒಮ್ಮೆ ಸುತ್ತಿ ನೋಡಬೇಕೆಂದೂ, ಹೋಗುವ ಮುನ್ನ ನೆರೆಮನೆಯ ಬಾಗಿಲನ್ನು ತಟ್ಟಿ “ನಿಮಗೇನು ಬೇಕು?” ಎಂದು ಕೇಳಬೇಕೆಂದೂ ನನ್ನ ವಿಜ್ಞಾಪನೆ.