ಸಿಯೆನಾದ ಹಾಡುವ ಹೊತ್ತಗೆಗಳು

ಇಟಲಿಯ ಟಸ್ಕನಿ ಪ್ರಾಂತದಲ್ಲಿ ಗುಡ್ಡದ ಮೇಲೆ ಹರಡಿಕೊಂಡ ಹಳೆಯ ಊರು ಸಿಯೆನಾ. ಅಲ್ಲಿನ ಪ್ರಧಾನ ಚರ್ಚಿನೊಳಗೆ ಎಡಬದಿಯ ಬಾಗಿಲಿಗೆ ತಿರುಗಿದರೆ ಪಿಕೊಲೊಮಿನಿ ಗ್ರಂಥಾಲಯ ಸಿಗುತ್ತದೆ. ಪೋಪ್ ಎರಡನೆಯ ಪಿಯಸ್ ಅವರ ನೆನಪಿಗಾಗಿ ಸೋದರಳಿಯ ಕಾರ್ಡಿನಲ್ ಫ್ರಾಂಚೆಸ್ಕೊ 1492ರಲ್ಲಿ ಇದನ್ನು ಕಟ್ಟಿಸತೊಡಗಿದರು. ಬಂದವರೆಲ್ಲ ಕತ್ತೆತ್ತಿ ಪಿಂತುರಿಕ್ಕಿಯೊನ ಭಿತ್ತಿಚಿತ್ರಗಳನ್ನು ನೋಡುತ್ತಾರೆ. ಕಣ್ಣು ತುಸು ಕೆಳಗಿಳಿದರೆ ಗಾಜಿನ ಪೆಟ್ಟಿಗೆಗಳಲ್ಲಿ ತೆರೆದಿಟ್ಟ ಭಾರೀ ಹೊತ್ತಗೆಗಳು ಕಾಣುತ್ತವೆ. ಇವು ಪೂಜೆಯ ವೇಳೆ ಹಾಡುವ ಲ್ಯಾಟಿನ್ ಗೀತೆಗಳ ಹಸ್ತಪ್ರತಿಗಳು.

ಇಷ್ಟು ದೊಡ್ಡ ಪುಸ್ತಕ ಏಕೆ? ಒಂದೇ ಪುಸ್ತಕದ ಮುಂದೆ ನಿಂತು ಹಲವರು ಒಟ್ಟಿಗೆ ಹಾಡಬೇಕಿತ್ತು. ಅದಕ್ಕೇ ದಪ್ಪ ಅಕ್ಷರ, ನಾಲ್ಕು ಗೆರೆ, ಅವುಗಳ ಮೇಲೆ ಚೌಕಾಕಾರದ ಸ್ವರಚಿಹ್ನೆ. ಗೆರೆಗಳ ಮೇಲೆ ಸ್ವರ ಬರೆಯುವ ಕ್ರಮವನ್ನು 11ನೇ ಶತಮಾನದಲ್ಲಿ ರೂಢಿಗೆ ತಂದವನು ಸನ್ಯಾಸಿ ಗೀಡೊ. ಅವನ ಹೆಸರಿನೊಂದಿಗೆ ಸೇರಿರುವ ಅರೆಝೊ ಕೂಡ ಟಸ್ಕನಿಯದೇ ಊರು. ಬಾಲಗಾಯಕರು ಬೇಗ ಕಲಿಯಲಿ ಎಂಬುದು ಅವನ ಉದ್ದೇಶ.

ಸಿಯೆನಾದ ಹೊತ್ತಗೆಗಳಿಗೆ 1470ರ ಆಸುಪಾಸಿನಲ್ಲಿ ಚಿತ್ರ ಬರೆದವರು ವೆರೋನಾದ ಲಿಬೆರಾಲೆ ಮತ್ತು ಕ್ರೆಮೋನಾದ ಜಿರೋಲಾಮೊ. ಗೀತೆಯ ಮೊದಲಕ್ಷರದ ಹೊಟ್ಟೆಯೊಳಗೇ ಒಂದು ಪ್ರಸಂಗ ಮೂಡಿರುತ್ತದೆ.

ಇಂಥ ಪುಟವೊಂದು ಪುಟ್ಟ ರಸಾಯನಶಾಲೆಯೇ ಸರಿ. ಹಾಳೆ ಪ್ರಾಣಿಯ ಚರ್ಮ. ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ತೆಗೆದು, ಚೌಕಟ್ಟಿಗೆ ಬಿಗಿದು, ಹೆರೆದು ಒಣಗಿಸಿದ್ದು. ಮಾಚಿಕಾಯಿಯ ಟ್ಯಾನಿನ್ ಅನ್ನಭೇದಿಯೊಡನೆ, ಅಂದರೆ ಕಬ್ಬಿಣದ ಸಲ್ಫೇಟಿನೊಡನೆ, ಸೇರಿದರೆ ಶಾಯಿ. ಬರೆದಾಗ ತೆಳುವಾಗಿದ್ದು ಗಾಳಿಯ ಆಮ್ಲಜನಕ ತಾಗಿದಂತೆ ಕಪ್ಪಾಗುತ್ತದೆ. ಕೆಂಪು ಬಣ್ಣ ಪಾದರಸ ಮತ್ತು ಗಂಧಕದ ಸಂಯುಕ್ತ. ಅಂದಿನ ಅತ್ಯುತ್ತಮ ನೀಲಿ ಅಫ್ಘಾನಿಸ್ತಾನದ ಬದಖ್ಶಾನಿನ ಕಲ್ಲಿನಿಂದ ಬರುತ್ತಿತ್ತು. ಚಿನ್ನದ ತಗಡನ್ನು ಅಂಟಿಸಿ, ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದರು. ಬೆಳ್ಳಿ ಕಾಲಕ್ರಮೇಣ ಕಪ್ಪಾಗುತ್ತದೆ. ಚಿನ್ನ ಗಾಳಿಯೊಡನೆ ವರ್ತಿಸುವುದಿಲ್ಲ. ಐನೂರು ವರ್ಷ ದಾಟಿದರೂ ಪುಟ ಮಿನುಗುವ ಗುಟ್ಟು ಇದೇ.

ಎಲ್ಲ ಹೊತ್ತಗೆಗಳಿಗೂ ಸಿಯೆನಾದವುಗಳ ಅದೃಷ್ಟ ಇರಲಿಲ್ಲ. 1798ರಲ್ಲಿ ಫ್ರೆಂಚ್ ಸೈನ್ಯ ರೋಮ್ ಹಿಡಿದಾಗ ಸಿಸ್ಟೀನ್ ಪ್ರಾರ್ಥನಾಮಂದಿರದ ಗ್ರಂಥಗಳು ಲೂಟಿಯಾದವು. ಅವುಗಳಿಂದ ಕತ್ತರಿಸಿದ ಚಿತ್ರಗಳು 1825ರಲ್ಲಿ ಲಂಡನ್ನಿನಲ್ಲಿ ಹರಾಜಾದವು. ಬಿಡಿ ಹಾಳೆಗಳ ವ್ಯಾಪಾರ ಇಂದಿಗೂ ನಡೆದಿದೆ. ಹಾಳೆ ಬೇರೆಯಾದರೆ ಚಿತ್ರವೇನೋ ಉಳಿದೀತು; ಆದರೆ ಒಂದು ಪುಟದಲ್ಲಿ ಶುರುವಾದ ಹಾಡು ಮುಂದಿನ ಪುಟವಿಲ್ಲದೆ ಅರ್ಧಕ್ಕೇ ನಿಂತುಬಿಡುತ್ತದೆ.

ಗಾಜಿನ ಪೆಟ್ಟಿಗೆಯ ಮುಂದೆ ನಿಂತ ಮಕ್ಕಳಿಗೆ ಹೆತ್ತವರು ಚಿನ್ನದ ಹೊಳಪಿನ ಜೊತೆಗೆ ಈ ನಾಲ್ಕು ಗೆರೆಗಳನ್ನೂ ತೋರಿಸಬೇಕು. ಹಾಡು ಇರುವುದು ಅಲ್ಲಿ.